ಬಾಯಲ್ಲಿ ತರಬಾರದ ಹೆಸರು

ಮದುವೆಯಾದ ವರ್ಷವೇ ನಮ್ಮತ್ತೆ ಮುಂಡರಗಿ ಸಂತೆಯಲ್ಲಿ ನನ್ನನ್ನು ಕೂರಿಸಿ, ಎಡ ಮುಂಗೈ ಮೇಲೆ ಗಂಡನ ಹೆಸರಿನ ಹಚ್ಚೆ ಹಾಕಿಸಿದ್ದಳು. ಆ ಹೆಸರನ್ನು ಬಾಯಲ್ಲಿ ಮಾತ್ರ ತರುವಂತಿರಲಿಲ್ಲ. ಒಮ್ಮೆ ಮರೆತು ಅಂದದ್ದಕ್ಕೆ ಮೂರು ದಿನ ಬೈದಿದ್ದಳು.

ಮುಂದೆ ನನ್ನ ಕೆನ್ನೆಯೊಳಗೆ ಗಡ್ಡೆಯಾಯಿತು. ಗದಗ ಹೊಸ ಜಿಲ್ಲೆಯಾಗಿದ್ದರೂ ಇಂಥ ಆಪರೇಷನ್ನಿಗೆ ಹುಬ್ಬಳ್ಳಿಗೇ ಹೋಗಬೇಕಿತ್ತು. ಡಾಕ್ಟರು ಗಡ್ಡೆ ತೆಗೆದು, ಅಲ್ಲಿಗೆ ನನ್ನ ಮುಂಗೈಯ ಚರ್ಮವನ್ನೇ ರಕ್ತನಾಳದ ಸಮೇತ ತಂದು ಹೊಲಿದರು. ಜೊತೆಗಿದ್ದವನು ಕಳಸಾಪುರದ ನನ್ನಣ್ಣ. ಗಂಡ ಅನ್ನಿಸಿಕೊಂಡವನು ಒಂದು ದಿನವೂ ಇಣುಕಲಿಲ್ಲ.

ಮನೆಗೆ ಬಂದಾಗ ಅತ್ತೆ ನನ್ನ ಮುಖ ನೋಡಲಿಲ್ಲ, ಕೈ ನೋಡಿದಳು. ಹಚ್ಚೆ ಇದ್ದ ಜಾಗದಲ್ಲಿ ತೊಡೆಯ ಚರ್ಮದ ತೇಪೆಯಿತ್ತು.

"ಗಂಡನ ಹೆಸರು ಕಿತ್ತು ಒಗದು ಬಂದಿಯೇನ? ನಾಚಿಕಿ ಬರೂದಿಲ್ಲ ನಿನಗ?"

ನಾನು ಬಾಯಿ ತೆರೆದು, ಬೆರಳಿನಿಂದ ಕೆನ್ನೆ ಹಿಗ್ಗಿಸಿ ತೋರಿಸಿದೆ. ಒಳಗೆ ಹಸಿರು ಅಕ್ಷರಗಳು ಹಾಗೇ ಇದ್ದವು.

"ಎಲ್ಲೂ ಒಗದಿಲ್ರಿ ಅತ್ತಿ, ಬಾಯಾಗ ಇಟ್ಕೊಂಡೀನಿ," ಎಂದೆ. ಮಾತು ತೊದಲುತ್ತಿತ್ತು, ಆದರೂ ಆಕೆಗೆ ಒಂದಕ್ಷರ ಬಿಡದೆ ತಿಳಿಯಿತು. "ದಿನಾ ಉಂಡ ಮ್ಯಾಲ ಅದರ ಮ್ಯಾಲೇ ಮುಕ್ಕಳಿಸಿ ಉಗಳ್ತೀನಿ."