ಬಾಯಿಗೆ ಬಟ್ಟೆ ತುರುಕಿದ ಗಂಟೆ

ಇವತ್ತು ಬೆಳಿಗ್ಗೆ ಮನೆಗೆ ಸುಣ್ಣ ಬಳಿಸುವ ಗದ್ದಲದಲ್ಲಿ ಅಟ್ಟದ ಮೇಲಿನ ಸಾಮಾನೆಲ್ಲ ಅಂಗಳಕ್ಕೆ ಬಂದು ಬಿತ್ತು. ಅದರಲ್ಲಿ ಎತ್ತಿನ ಕೊರಳಿಗೆ ಕಟ್ಟುವ ಒಂದು ಕಂಚಿನ ಗಂಟೆಯೂ ಇತ್ತು. ಬಾಗಿಲಿಗೆ ತೂಗುಹಾಕಿದರೆ ಚಂದ ಕಾಣುತ್ತದೆಂದು ಮೊಮ್ಮಗ ಅದರ ಹೊರಮೈಗೆ ಹುಣಸೆಹಣ್ಣು ಹಚ್ಚಿ ಬೆಳಗಿದ. ಆಮೇಲೆ ಅಲ್ಲಾಡಿಸಿದ. ಸದ್ದು ಬರಲಿಲ್ಲ. ಕೆಟ್ಟುಹೋಗಿದೆ ಎಂದು ನನ್ನ ತೊಡೆಯ ಮೇಲಿಟ್ಟು ಹೋದ. ಕೆಡುವುದಕ್ಕೆ ಗಂಟೆಯೇನು ರೇಡಿಯೋವೇ? ಅದರ ಬಾಯಿಗೆ ಬಟ್ಟೆ ತುರುಕಿದೆ, ಅಷ್ಟೇ. ಒಳಗೆ ಇಣುಕಿ ನೋಡುವ ವ್ಯವಧಾನ ಅವನಿಗೆಲ್ಲಿ! ತುರುಕಿದವರು ಯಾರೆಂದು ಈ ಮನೆಯಲ್ಲಿ ನನಗೂ ನನ್ನ ಹಿರಿಮಗಳಿಗೂ ಮಾತ್ರ ಗೊತ್ತು. ನಿಮಗೂ ಹೇಳುತ್ತೇನೆ, ಕುಳಿತುಕೊಳ್ಳಿ. ಸುಣ್ಣ ಒಣಗುವ ತನಕ ನನಗೂ ಬೇರೆ ಕೆಲಸವಿಲ್ಲ.

ನನ್ನ ತವರು ಸವಣೂರು. ಅಪ್ಪನಿಗೆ ಅಲ್ಲಿ ವೀಳ್ಯದೆಲೆಯ ತೋಟವಿತ್ತು, ಜೊತೆಗೆ ಒಂದು ಸವಾರಿ ಬಂಡಿ. ಬಿದಿರಿನ ಕಮಾನು, ಮೇಲೆ ಚಾಪೆ, ಹಿಂದೆ ಮುಂದೆ ಪರದೆ, ಒಳಗೆ ಮೆತ್ತಗೆ ಹುಲ್ಲು ಹಾಸಿ ಅದರ ಮೇಲೆ ಕೌದಿ. ಸುಗ್ಗಿ ಮುಗಿಯಿತೆಂದರೆ ನಾವೆಲ್ಲ ಅದರಲ್ಲಿ ತುಂಬಿಕೊಂಡು ಶಿಗ್ಗಾಂವಿ, ಹಾನಗಲ್, ಹಿರೇಕೆರೂರ ಎಂದು ತಿರುಗುತ್ತಿದ್ದೆವು. ಊರು ಮುಗಿದು ಕುರುಚಲು ಕಾಡು ಶುರುವಾದರೆ ಹಳ್ಳದ ದಂಡೆಯಲ್ಲಿ ಮೂರು ಕಲ್ಲು ಹೂಡಿ ಅನ್ನ ಬೇಯಿಸುವುದು. ಕಾರೆಹಣ್ಣು ಕಿತ್ತು ತಿಂದು ಸೀರೆಗೆಲ್ಲ ಮುಳ್ಳು ಸಿಕ್ಕಿಸಿಕೊಳ್ಳುವುದು. ಆ ಸುಖವನ್ನು ನನಗೆ ಆಮೇಲೆ ಯಾವ ರೈಲೂ ಕೊಡಲಿಲ್ಲ.

ಆದರೆ ಅಪ್ಪನ ಜೊತೆ ಹೊರಟರೆ ಊರು ಮುಟ್ಟುವುದು ಯಾವಾಗ ಎಂದು ಕೇಳಬಾರದು. ದಾರಿಯಲ್ಲಿ ಬಳಗದವರ ಮನೆ ಬಂದರೆ ಇಳಿಯಲೇಬೇಕು, ಉಣ್ಣಲೇಬೇಕು. ಮನೆಯ ಮುಂದೆ ಹಾದುಹೋಗಿಯೂ ಇಳಿಯಲಿಲ್ಲವೆಂದರೆ ಆ ಮಾತು ಮೊಮ್ಮಕ್ಕಳ ಕಾಲಕ್ಕೂ ಮುಗಿಯುತ್ತಿರಲಿಲ್ಲ. ಮುಚ್ಚಿಕೊಂಡು ದಾಟಿ ಹೋಗೋಣವೆಂದರೆ ಎತ್ತಿನ ಕೊರಳ ಗಂಟೆ ಬಿಡುತ್ತಿರಲಿಲ್ಲ. ಆಗ ಒಂದೊಂದು ಮನೆಯ ಎತ್ತಿಗೂ ಒಂದೊಂದು ದನಿ. ಒಲೆಯ ಮುಂದೆ ಕುಳಿತ ಹೆಂಗಸರು ಕೂಡ ಅದನ್ನು ಕೇಳಿದವರೇ, ಸವಣೂರವರು ಬಂದರು, ಇನ್ನೊಂದು ಸೇರು ಅಕ್ಕಿ ಇಡು ಅನ್ನುತ್ತಿದ್ದರು.

ನನ್ನನ್ನು ಕೊಟ್ಟದ್ದು ಹಿರೇಕೆರೂರ ಸೀಮೆಯ ಹಂಸಭಾವಿಗೆ. ಯುದ್ಧದ ಕಾಲ. ಸಕ್ಕರೆ ಕಾಣದಾಗಿತ್ತು, ಬಸ್ಸುಗಳು ಇದ್ದಲಿನ ಹೊಗೆ ಕಾರುತ್ತ ಓಡುತ್ತಿದ್ದವು, ಏರು ಬಂದರೆ ಜನ ಇಳಿದು ನೂಕಬೇಕಿತ್ತು. ಅಂಥ ಬಸ್ಸಿನಲ್ಲಿ ಬಸುರಿಯನ್ನು ಯಾರು ಕೂರಿಸುತ್ತಾರೆ? ಏಳನೆಯ ತಿಂಗಳಲ್ಲಿ ಸೀಮಂತದ ಕುಬಸ ಮಾಡಿ ನನ್ನನ್ನು ತವರಿಗೆ ಕರೆದೊಯ್ಯಬೇಕೆಂದು ಮಾತಾಗಿತ್ತು. ಮಳೆ ಬಿಡಲಿಲ್ಲ. ಎಂಟರಲ್ಲಿ ಕಳಿಸುವ ಪದ್ಧತಿ ಇಲ್ಲ. ಒಂಬತ್ತು ತುಂಬುತ್ತ ಬಂದಾಗ ಅಪ್ಪನೂ ಆಯಿಯೂ ಬಂಡಿ ತಂದರು. ಆಯಿ ಎಂದರೆ ಅಪ್ಪನ ತಾಯಿ. ಬಂಡಿ ಹೊಡೆಯುವವನು ನಮ್ಮ ಇಮಾಮಸಾಬ.

ಇಲ್ಲೊಂದು ಮಾತು ಹೇಳಿಯೇ ಮುಂದೆ ಹೋಗಬೇಕು. ಎರಡು ವರ್ಷ ಹಿಂದೆ ಇದೇ ಬಂಡಿಯಲ್ಲಿ ನನ್ನ ಅಕ್ಕ ಚೊಚ್ಚಲ ಹೆರಿಗೆಗೆಂದು ಸವಣೂರಿಗೆ ಹೊರಟಿದ್ದಳು. ಶಿಗ್ಗಾಂವಿಯಲ್ಲಿ ದೊಡ್ಡವ್ವನ ಮನೆ ದಾರಿಗೆ ಹತ್ತಿಕೊಂಡೇ ಇದೆ. ಅಪ್ಪನ ದೊಡ್ಡಪ್ಪನ ಮಗನ ಹೆಂಡತಿ ಆಕೆ. ಹೋಳಿಗೆ ಉಣಿಸಿ ಕಳಿಸುತ್ತೇನೆಂದು ಅಕ್ಕನನ್ನು ಇಳಿಸಿಕೊಂಡಳು. ಅಂದೇ ನೋವು ಶುರುವಾಯಿತು. ಅಕ್ಕನೂ ಉಳಿಯಲಿಲ್ಲ, ಕೂಸೂ ಉಳಿಯಲಿಲ್ಲ. ಯಾರ ತಪ್ಪೂ ಅಲ್ಲ ಎಂದು ಎಲ್ಲರೂ ಹೇಳಿದರು. ನಮ್ಮವ್ವ ಮಾತ್ರ ಏನೂ ಹೇಳಲಿಲ್ಲ. ಸವಣೂರಿನಲ್ಲಿ ಬಾಣಂತಿಕೋಣೆ ಸಾರಿಸಿ, ಮಂಚ ಹಾಕಿ ಕಾಯುತ್ತಿದ್ದವಳು ಆಕೆ. ನಾನು ಬಸುರಾದೆನೆಂದು ತಿಳಿದಾಗಿನಿಂದ ಅವ್ವ ಒಂದೇ ಮಾತು ಹೇಳಿ ಕಳಿಸುತ್ತಿದ್ದಳು: ಈಕೆಯನ್ನಾದರೂ ನನ್ನ ಕೈಗೆ ತಂದು ಕೊಡಿ.

ಹೊರಟ ದಿನ ನನಗೆ ಮಾತ್ರ ಹಬ್ಬ. ಹಾನಗಲ್ಲಿನಲ್ಲಿ ಅಪ್ಪನ ತಂಗಿ ಇದ್ದಳು, ಬಿಡುತ್ತಾಳೆಯೇ? ಬಸುರಿ ಮನೆಗೆ ಬಂದರೆ ಬಯಸಿದ್ದು ಉಣಿಸಿ, ಉಡಿ ತುಂಬಿ ಕಳಿಸಬೇಕು. ಬೇಡ ಬೇಡ ಅನ್ನುತ್ತಲೇ ನಾನು ಕಡುಬು ತಿಂದೆ, ಹೊಸಬೆಲ್ಲ ತಿಂದೆ, ಪಕ್ಕದ ಮನೆಯವರು ತಂದ ಚಕ್ಕುಲಿಯನ್ನೂ ಬಿಡಲಿಲ್ಲ. ಹೀಗೆ ಎರಡು ದಿನ. ಮೂರನೆಯ ನಸುಕಿನಲ್ಲಿ ನಡು ಹಿಡಿದು ಎದ್ದು ಕುಳಿತೆ. ಕಡುಬಿನ ಕಿತಾಪತಿ ಅಂದುಕೊಂಡೆ. ಆಯಿ ನನ್ನ ಸೊಂಟದ ಮೇಲೆ ಅಂಗೈ ಇಟ್ಟು ನೋಡಿದಳು, ಎದ್ದು ಹೊರಗೆ ಹೋಗಿ ಇಮಾಮಸಾಬನಿಗೆ ಎತ್ತು ಹೂಡಲು ಹೇಳಿದಳು. ಆಮೇಲೆ ಹಳೆಯ ಸೀರೆಯ ಚೂರು ತೆಗೆದುಕೊಂಡು ಎರಡೂ ಎತ್ತಿನ ಗಂಟೆಗೆ ತುರುಕತೊಡಗಿದಳು.

ಅಪ್ಪ ಅದನ್ನು ನೋಡಿ ಗಾಬರಿಯಾದ. ಉಳಿದವರ ಮನೆ ದಾಟೋಣ, ಶಿಗ್ಗಾಂವಿಯಲ್ಲಿ ಮಾತ್ರ ಹಾಗೆ ಮಾಡಬಾರದು ಎಂದ. ಅಕ್ಕ ಹೋದಮೇಲೆ ದೊಡ್ಡವ್ವನ ಮನೆಯ ಮುಂದೆ ನಿಲ್ಲದೆ ಹೋದರೆ, ನಮ್ಮ ಮಗಳು ಸತ್ತದ್ದು ನಿಮ್ಮಿಂದಲೇ ಎಂದು ಊರಿಗೆ ಸಾರಿದ ಹಾಗೆ.

“ಆಕಿ ಮನಸಿಗೆ ಹೆಂಗಾದೀತು, ನೀನ ಹೇಳು,” ಅಂದ.

“ಆಕಿ ಮನಸು ನಾಳಿ ನೋಡೂಣು,” ಅಂದಳು ಆಯಿ. “ಇವತ್ತ ಈಕಿನ್ನ ನೋಡು.”

ಒಳದಾರಿ ಹತ್ತಿರವಿತ್ತು, ಆದರೆ ಎರೆಮಣ್ಣು. ಆ ಮಳೆಗೆ ಗಾಲಿ ಅರ್ಧ ಹೂತುಹೋಗುತ್ತಿತ್ತು. ಹಾಗಾಗಿ ಕಡಿಗಲ್ಲು ಹಾಕಿದ ಶಿಗ್ಗಾಂವಿಯ ದಾರಿಯೇ ಗತಿ. ಹೊರಟೆವು. ಗಂಟೆಯಿಲ್ಲದ ಬಂಡಿಯಲ್ಲಿ ನಾನು ಅದೇ ಮೊದಲು ಕುಳಿತದ್ದು. ಗಾಲಿಯ ಕಿರುಗುಟ್ಟು, ಪೊದೆಯೊಳಗೆ ಪುರಲೆ ಹಕ್ಕಿಯ ಕೂಗು, ನನ್ನದೇ ಏದುಸಿರು, ಎಲ್ಲ ದೊಡ್ಡದಾಗಿ ಕೇಳುತ್ತಿತ್ತು. ಎತ್ತುಗಳಿಗಂತೂ ಗಂಟೆಯಿಲ್ಲದೆ ನಡೆಯುವುದೇ ತಿಳಿಯದು. ನಾಲ್ಕು ಹೆಜ್ಜೆ ಹೋಗಿ ನಿಲ್ಲುವುದು, ತಿರುಗಿ ನೋಡುವುದು. ಇಮಾಮಸಾಬ ಬಾಯಲ್ಲೇ ಗಂಟೆಯ ದನಿ ಮಾಡುತ್ತ ಅವನ್ನು ನಡೆಸಿದ. ನೋವಿನ ನಡುವೆಯೂ ನನಗೆ ನಗು ಬಂತು. ನಕ್ಕರೆ ನೋವು ಹೆಚ್ಚಾಗುತ್ತಿತ್ತು. ಆಯಿ ಅವನನ್ನೂ ಬೈದಳು, ನನ್ನನ್ನೂ ಬೈದಳು.

ಬಿಸಿಲು ಇಳಿಯುವ ಹೊತ್ತಿಗೆ ಶಿಗ್ಗಾಂವಿ. ಪರದೆ ಬಿಟ್ಟುಕೊಂಡು ಉಸಿರು ಹಿಡಿದು ಕುಳಿತೆವು. ಇಮಾಮಸಾಬನೂ ಬಾಯಿ ಮುಚ್ಚಿದ. ಎಲ್ಲ ಲೆಕ್ಕ ಹಾಕಿದ ಆಯಿ ಒಂದನ್ನು ಮರೆತಿದ್ದಳು. ದೊಡ್ಡವ್ವನ ಬಾಗಿಲ ಮುಂದೆ ಒಂದು ಕಲ್ಲಿನ ದೋಣಿ ಇತ್ತು. ಪ್ರತಿ ಸಲ ಅಲ್ಲಿ ಎತ್ತುಗಳಿಗೆ ನೀರು, ಹಿಂಡಿ ಸಿಗುತ್ತಿತ್ತು. ಬಳಗದ ಮನೆ ದಾಟಬಾರದೆಂಬ ಪಾಠವನ್ನು ಅಪ್ಪನಿಗಿಂತ ಚೆನ್ನಾಗಿ ಕಲಿತಿದ್ದ ಎತ್ತುಗಳು ನೇರ ಹೋಗಿ ದೋಣಿಗೆ ಬಾಯಿ ಹಾಕಿ ನಿಂತವು. ಎಷ್ಟು ಬಡಿದರೂ ಕದಲಲಿಲ್ಲ.

ದೊಡ್ಡವ್ವ ಹೊರಗೆ ಬಂದಳು. ಅಪ್ಪ ಕೆಳಗಿಳಿದು, ನೆಲ ನೋಡುತ್ತ, ಇಳಿಯುವುದಕ್ಕೇ ಬಂದೆವು ಅನ್ನುವವನ ಹಾಗೆ ಎತ್ತು ಬಿಚ್ಚಲು ಇಮಾಮಸಾಬನಿಗೆ ಹೇಳಿದ. ಆ ಮನೆಯ ಪಡಸಾಲೆ, ಅಕ್ಕ ಮಲಗಿದ್ದ ಮೂಲೆ, ಎಲ್ಲ ಕಣ್ಣ ಮುಂದೆ ಬಂತು. ಅವ್ವನ ಹತ್ತಿರ ಹೋಗಬೇಕು, ಅಷ್ಟೇ ನನಗೆ ಬೇಕಾದದ್ದು; ಬಾಯಿಬಿಟ್ಟು ಹೇಳುವ ಧೈರ್ಯವಾಗಲಿಲ್ಲ. ದೊಡ್ಡವ್ವ ಪರದೆ ಸರಿಸಿ ನನ್ನ ಮುಖ ನೋಡಿದಳು. ಆಮೇಲೆ ಎತ್ತಿನ ಕೊರಳು ನೋಡಿದಳು. ಗಂಟೆಯ ಬಾಯಿಂದ ಬಟ್ಟೆ ಜೋತುಬಿದ್ದಿತ್ತು.

“ಇದನ್ನ ಯಾರ್ ತುರುಕ್ಯಾರ?”

“ನಾನ,” ಅಂದಳು ಆಯಿ.

ದೊಡ್ಡವ್ವ ಆ ಬಟ್ಟೆಯನ್ನು ಎಳೆದು ಬಿಸಾಡಿದಳು. ಜಗಳ ಆಯಿತು ಅಂದುಕೊಂಡೆ. ಆಕೆ ತನ್ನ ಇಳಕಲ್ ಸೀರೆಯ ಕೆಂಪು ಸೆರಗಿನ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿದಳು, ಮಡಚಿ ಗಂಟೆಯೊಳಗೆ ಬೆರಳಿನಿಂದ ಒತ್ತಿ ಒತ್ತಿ ತುಂಬಿದಳು.

“ಬರೋಬ್ಬರಿ ತುರುಕಿಲ್ಲ ಅತ್ತಿ ನೀವು. ಮುಂದಿನ ಊರಾಗ ನನ್ನ ತಂಗಿ ಅದಾಳ, ಆಕಿ ಕಿವಿ ನನಗಿಂತ ಚುರುಕು.” ಆಮೇಲೆ ಅಪ್ಪನ ಕಡೆ ತಿರುಗಿದಳು. “ಎತ್ತು ಬಿಚ್ಚಬ್ಯಾಡ ತಮ್ಮಾ. ಒಬ್ಬಾಕಿನ್ನ ಇಳಿಸ್ಕೊಂಡು ನೋಡೇನಿ, ಸಾಕು. ಈಕಿನ್ನ ಹಡದಾಕಿ ಕಡೆ ಮುಟ್ಟಿಸು.”

ಒಳಗೆ ಓಡಿ ಹೋಗಿ ಅಕ್ಕಿ, ಕೊಬ್ಬರಿ, ಬೆಲ್ಲ ತಂದು, ಬಂಡಿಯಲ್ಲಿ ಕುಳಿತಿದ್ದ ಹಾಗೆಯೇ ನನಗೆ ಉಡಿ ತುಂಬಿದಳು. ಹಾಗೆ ತುಂಬಿದ್ದನ್ನು ನಾನು ಮೊದಲೂ ಕಂಡಿಲ್ಲ, ಆಮೇಲೂ ಕಂಡಿಲ್ಲ. ಎತ್ತುಗಳ ಮೂಗುದಾರ ಹಿಡಿದು ಊರ ಹೊರಗಿನ ತನಕ ತಾನೇ ಎಳೆದು ತಂದು ಬಿಟ್ಟಳು.

ದೀಪ ಹಚ್ಚಿದ ಮೇಲೆ ಸವಣೂರು ಬಂತು. ನಮ್ಮೂರಿನ ದೊಡ್ಡಹುಣಸೆ ಮರಗಳ ಗುಡಾಣದಂಥ ಹೊಟ್ಟೆ ನಿಮಗೆ ಗೊತ್ತಲ್ಲ. ಅವು ಮಬ್ಬಿನಲ್ಲಿ ಕಂಡಾಗ, ನಮ್ಮಲ್ಲಿ ಯಾರದು ದೊಡ್ಡದು ಎಂದು ಅಳೆಯುವಷ್ಟು ಧೈರ್ಯ ನನಗೆ ತಿರುಗಿ ಬಂದಿತ್ತು. ಅವ್ವ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೈ ಹಿಡಿದವಳು ಹೆಣ್ಣುಮಗು ಹುಟ್ಟಿ ಅಳುವ ತನಕ ಬಿಡಲಿಲ್ಲ. ಅಳು ಕೇಳಿದ ಮೇಲೆ ಹೊರಗೆ ಹೋಗಿ ಗೋಡೆಗೊರಗಿ ಕುಳಿತು, ಎರಡು ವರ್ಷದಿಂದ ಅಳದೆ ಇಟ್ಟುಕೊಂಡದ್ದನ್ನೆಲ್ಲ ಅತ್ತಳಂತೆ. ಅಂಥ ಹಗುರವಾದ ಬೆಳಗನ್ನು ನಾನು ಮತ್ತೆ ಕಂಡಿಲ್ಲ.

ಐದನೆಯ ತಿಂಗಳಿಗೆ ಕೂಸಿನೊಂದಿಗೆ ತಿರುಗಿ ಹೊರಟಾಗ ಶಿಗ್ಗಾಂವಿಯಲ್ಲಿ ಯಾರೂ ಕರೆಯದೆಯೇ ಅಪ್ಪ ಇಳಿದ. ಅಕ್ಕ ಹೋದಮೇಲೆ ಆ ಮನೆಯಲ್ಲಿ ಆತ ಹೊಟ್ಟೆತುಂಬ ಉಂಡದ್ದು ಅವತ್ತೇ. ದೊಡ್ಡವ್ವ ಒಂದು ಗಂಟೆಯ ಬಟ್ಟೆ ತೆಗೆದಳು. ತನ್ನ ಸೆರಗು ತುಂಬಿದ್ದನ್ನು ಹಾಗೇ ಕೊರಳಿಂದ ಬಿಚ್ಚಿ ನನ್ನ ಕೈಗೆ ಕೊಟ್ಟು, ಮುಂದಿನ ಬಸುರಿಗೆ ಇರಲಿ ಎಂದು ನಕ್ಕಳು. ಮುಂದಿನ ಬಸುರಿಗೆ ಯುದ್ಧ ಮುಗಿದು ಬಸ್ಸುಗಳು ಸರಿಯಾಗಿದ್ದವು. ಬಸ್ಸಿಗೆ ಗಂಟೆಯಿಲ್ಲ, ಆದರೂ ದೊಡ್ಡವ್ವ ಹೇಗೋ ಸುಳಿವು ಹಿಡಿದು ನಿಲ್ದಾಣದಲ್ಲಿ ನಿಂತು, ಕಿಟಕಿಯಿಂದಲೇ ಉಡಿ ತುಂಬಿದಳು. ತಾನು ಬದುಕಿರುವ ತನಕ, ನಾನು ಬಸುರಿದ್ದಾಗ ಆಕೆ ನನ್ನನ್ನು ಒಮ್ಮೆಯೂ ಇಳಿಸಿಕೊಳ್ಳಲಿಲ್ಲ.

ಇಷ್ಟು ದಿನ ಈ ಬಟ್ಟೆ ಹೀಗೆಯೇ ಇರಲಿ ಅನ್ನುತ್ತಿದ್ದೆ. ಇವತ್ತು ನಿಮಗೆ ಹೇಳುತ್ತ ಹೇಳುತ್ತ, ಇನ್ನು ಯಾರಿಂದ ಮುಚ್ಚಿಕೊಂಡು ಹೋಗಬೇಕು ನಾನು ಅನ್ನಿಸಿತು. ಕೂದಲ ಸೂಜಿಯಿಂದ ಕೆದರಿ ಎಳೆದೆ. ಹೊರಗೆ ಬಂದದ್ದು ಹಿಡಿಯಷ್ಟು ಹಳೆಯ ಸೆರಗು. ಮಡಿಕೆಯೊಳಗೆ ಇನ್ನೂ ಕೆಂಪಗಿತ್ತು. ಗಂಟೆಯನ್ನು ಎತ್ತಿ ಒಂದು ಸಲ ಅಲ್ಲಾಡಿಸಿದೆ. ಅದೇ ದನಿ.

ಒಳಗೆ ರೊಟ್ಟಿ ಬಡಿಯುತ್ತಿದ್ದ ಮಗಳ ಕೈ ನಿಂತಿತು. ಅಂದು ಆ ಬಂಡಿಯಲ್ಲಿ ನನ್ನ ಹೊಟ್ಟೆಯೊಳಗಿದ್ದು ಬಂದವಳು ಆಕೆ. ಈಗ ಆಕೆಯ ತಲೆಯೂ ನೆರೆತಿದೆ.

“ಯಾರ್ ಬಂದಾರಬೇ?”

“ಶಿಗ್ಗಾಂವಿ ದೊಡ್ಡವ್ವ,” ಅಂದೆ.

ಮತ್ತೆ ರೊಟ್ಟಿ ಬಡಿಯತೊಡಗಿ ಒಳಗಿನಿಂದಲೇ ಅಂದಳು:

“ಇಳಿಸ್ಕೋ ಬೇ. ಬಾಗಲಾಗ ಯಾಕ ನಿಂದರ್ಸಿದಿ?”