ಗಿಳಿಪಂಜರದ ಗವಸು

ಗವಸಿನಕ್ಕ ತನ್ನ ಆಯುಸ್ಸಿನಲ್ಲಿ ಒಂದು ಕಂಪ್ಯೂಟರನ್ನೂ ಚಾಲೂ ಮಾಡಿದವಳಲ್ಲ. ಆದರೆ ಆ ಬೀದಿಗೆ ಬಂದಿಳಿದ ಕಂಪ್ಯೂಟರುಗಳ ಹೊಟ್ಟೆ, ಬೆನ್ನು, ಭುಜಗಳ ಅಳತೆಯೆಲ್ಲ ಅವಳಿಗೆ ಬಾಯಿಪಾಠ. ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ ದಿಂಬಿನ ಚೀಲ, ಕೊಡೆಯ ಬಟ್ಟೆ ಹೊಲಿದುಕೊಂಡಿದ್ದವಳಿಗೆ ಆ ಹೆಸರು ಬಂದದ್ದೇ ಕಂಪ್ಯೂಟರಿನಿಂದ.

ಆಗ ಕಂಪ್ಯೂಟರೆಂದರೆ ಹಸುಗೂಸು. ಅದಕ್ಕೆ ತಣ್ಣನೆಯ ಕೋಣೆ ಬೇಕು, ಧೂಳು ಸೋಕಬಾರದು, ಎದುರಿಗೆ ಸೀನಲೂ ಬಾರದು. ಸಂಜೆ ಕೆಲಸ ಮುಗಿಸಿ ಅದಕ್ಕೆ ಗವಸು ಹೊದಿಸಿಯೇ ಗುಮಾಸ್ತರು ಮನೆಗೆ ಹೋಗುತ್ತಿದ್ದರು. ಆ ಗವಸನ್ನು ಹೊಲಿಯುವವಳು ಇವಳೊಬ್ಬಳೇ.

ಬೀದಿಯಲ್ಲಿ ಎದುರುಬದುರು ಎರಡು ಅಂಗಡಿ. ಹಸಿರು ಬೋರ್ಡಿನದು ಹಿಂದೆ ಟೈಪ್‌ರೈಟರ್ ಮಾರುತ್ತಿದ್ದ ಟೈಪು ಯಜಮಾನರದು. ಕೆಂಪು ಬೋರ್ಡಿನದು ಗವಸಿನಕ್ಕನ ಸ್ವಂತ ಮೈದುನನದು. ಅವಳು ಸೊಸೆಯಾಗಿ ಬಂದಾಗ ಅವನಿನ್ನೂ ಮೂಗೊರೆಸಲು ಬಾರದ ಪೋರ, ತಾಯಿಯಿಲ್ಲದವನು. ತಲೆ ಬಾಚಿದವಳು, ಅನ್ನ ಕಲಸಿಕೊಟ್ಟವಳು ಇವಳೇ.

ಅವರು ಮಾರುವ ಯಂತ್ರಗಳ ಎರಡು ಕಂಪನಿಗಳಿಗೂ ಹಾವು ಮುಂಗುಸಿಯ ಹಗೆ. ಒಂದರ ಫ್ಲಾಪಿ ಇನ್ನೊಂದರ ಬಾಯಿಗೆ ಹಿಡಿಸದು. ಹಸಿರಿನವರ ಯಂತ್ರ ಒಂದೇ ಅಚ್ಚಿನ ಗಟ್ಟಿ ಗಡಿಗೆ. ಬಿಚ್ಚಿ ನೋಡೋಣವೆಂದರೆ ಒಂದು ತಿರುಪೂ ಕಣ್ಣಿಗೆ ಬೀಳದು. ಕೆಂಪಿನವರದು ಬಿಡಿಬಿಡಿ ಸಂಸಾರ. ಪರದೆ ಬೇರೆ, ಪೆಟ್ಟಿಗೆ ಬೇರೆ, ಯಾರು ಬೇಕಾದರೂ ಬಿಚ್ಚಿ ಒಳಗೊಂದು ತುಂಡು ಸೇರಿಸಬಹುದು. ಅದಕ್ಕೇ ಅದು ಅಗ್ಗ, ಅದಕ್ಕೇ ವರ್ಷ ತುಂಬುವುದರೊಳಗೆ ಮೈ ಬಂದು ಗವಸು ಬಿಗಿಯಾಗುತ್ತಿತ್ತು. "ನಿನ್ನ ಯಂತ್ರಕ್ಕೆ ಹೊಲಿಯೋದೂ ಒಂದೇ, ಬಾಣಂತಿಗೆ ರವಿಕೆ ಹೊಲಿಯೋದೂ ಒಂದೇ" ಎಂದು ಅವಳು ಮೈದುನನನ್ನು ಆಡಿಕೊಳ್ಳುತ್ತಿದ್ದಳು.

ಒಂದು ಸೂಕ್ಷ್ಮವಿತ್ತು. ಹೊಸ ಮಾದರಿ ಅಂಗಡಿಗೆ ಬರುವ ಮೊದಲೇ ಅದರ ಅಳತೆ ಇವಳ ಕೈಗೆ ಬರುತ್ತಿತ್ತು. ಬೀದಿಗೆ ಗೊತ್ತಾಗುವ ಮೊದಲು ಯಂತ್ರದ ಆಕಾರ ಗವಸಿನಕ್ಕನ ಕತ್ತರಿಗೆ ಗೊತ್ತಿರುತ್ತಿತ್ತು.

ಆ ವರ್ಷ ಎರಡೂ ಕಂಪನಿಗಳು ಒಂದೇ ವಾರ ಹೊಸ ಯಂತ್ರ ತರುವವು ಎಂದು ಗುಲ್ಲೆದ್ದಿತು. ಟೈಪು ಯಜಮಾನರು ಬಂದು, ಸುತ್ತ ನೋಡಿ, ಅಳತೆಯನ್ನು ಪಿಸುಗುಟ್ಟಿದರು. "ಇದು ನಿಮ್ಮ ಹೊಟ್ಟೇಲೇ ಇರ್ಲಿ ತಾಯಿ. ಎದುರುಗಡೆ ನಿಮ್ಮ ಮನೆಯವನೇ ಅಂತ ಗೊತ್ತು. ಆದ್ರೂ ನಿಮ್ಮನ್ನೇ ನಂಬಿ ಬಂದಿದೀನಿ."

ಮರುದಿನ ಮೈದುನ ಬಂದ. ಸ್ಟೂಲಿನ ಮೇಲೆ ಕೂತವನ ಕಾಲು ನಿಲ್ಲುತ್ತಿರಲಿಲ್ಲ.

"ಅತ್ತಿಗೆ, ನಮ್ಮ ಕಂಪನೀಲಿ ಎರಡು ಬಗೆ ಬರ್ತಿದೆ. ಒಂದು ಮೇಜಿನ ಮೇಲೆ ಇಡೋದು, ಇನ್ನೊಂದು ಹಿಡಿ ಹಿಡಿದು ಹೊತ್ಕೊಂಡು ಹೋಗೋದು. ಯಾವುದು ತರಿಸ್ಲಿ ಅಂತ ನಾಳೆ ಹೇಳ್ಬೇಕು. ಅವರದು ಹೇಗಿದೆ ಅಂತ ಒಂದು ಮಾತು ಹೇಳಿ."

"ಅದು ನನ್ನದಲ್ವಲ್ಲೋ, ಹೇಳೋಕೆ."

"ಎತ್ತರ ಅಷ್ಟೇ. ಇಷ್ಟಾ, ಅಷ್ಟಾ? ಕೈಯಲ್ಲಿ ತೋರಿಸಿದ್ರೂ ಸಾಕು."

"ನನ್ನ ಕೈ ಖಾಲಿ ಇಲ್ಲ" ಎಂದು ಅವಳು ದಾರ ಕಚ್ಚಿ ಕತ್ತರಿಸಿದಳು.

"ಸಾಕಿದ ಕೈ ಇದೇನಾ?"

"ಇದೇ ಕೈ. ಇವತ್ತು ಅವರದ್ದು ನಿನಗೆ ಹೇಳಿದ್ರೆ, ನಾಳೆ ನಿನ್ನದು ಅವರಿಗೆ ಹೇಳಲ್ಲ ಅಂತ ನೀನು ಹೇಗಪ್ಪ ನಂಬ್ತೀಯ?"

ಅವನು ಮುಖ ಊದಿಸಿಕೊಂಡು ಎದ್ದ. ಹೊರಡುವಾಗ ಗೋಡೆಯ ಮೊಳೆಗೆ ನೇತುಹಾಕಿದ್ದ ಹೊಸ ಗವಸಿನ ಮೇಲೆ ಅವನ ಕಣ್ಣು ಬಿತ್ತು. ಮೇಲೆ ಗುಂಡಗೆ, ನೆತ್ತಿಯಲ್ಲಿ ಹಿಡಿ ಹೊರಬರಲು ಒಂದು ಸೀಳು. ಅವನ ಹುಬ್ಬು ಮೇಲಕ್ಕೇರಿತು. ಬಿಮ್ಮನೆ ಹೊರಟುಹೋದ.

ಅದು ಕ್ಷೌರದಂಗಡಿಯವನ ಗಿಳಿಪಂಜರದ ಗವಸು.

ಗವಸಿನಕ್ಕನಿಗೆ ಎಲ್ಲ ಕಂಡಿತ್ತು. ಏ, ಅದಲ್ಲವೋ ಎಂಬ ಮಾತು ನಾಲಿಗೆ ತುದಿಗೆ ಬಂದು ನಿಂತಿತು. ಆದರೆ ಅದಲ್ಲ ಎಂದರೆ ಹಸಿರಿನವರದು ಹೊತ್ತೊಯ್ಯುವ ಯಂತ್ರವಲ್ಲ ಎಂದಂತಾಯಿತು, ಉಳಿದದ್ದನ್ನು ಅವನೇ ಊಹಿಸಿಯಾನು. ಮಾತು ನುಂಗಿದಳು.

ಮೈದುನ ಅಂಗಡಿ ತುಂಬ ಹೊತ್ತೊಯ್ಯುವ ಯಂತ್ರಗಳನ್ನೇ ತರಿಸಿದ. ಹೆಸರಿಗೆ ಹೊತ್ತೊಯ್ಯುವುದು, ಎತ್ತಿದರೆ ಹೊಲಿಗೆ ಯಂತ್ರದಷ್ಟು ಭಾರ, ತೋಳೇ ಕಳಚಿ ಬರಬೇಕು. ಎದುರಿನ ಗಾಜಿನ ಹಿಂದೆ ಹಸಿರಿನವರ ಯಂತ್ರ ಹಲಗೆಯಂತೆ ಚಪ್ಪಟೆಯಾಗಿ ಮೇಜಿನ ಮೇಲೆ ಮಲಗಿತ್ತು. ಜನ ಅತ್ತಲೇ ನುಗ್ಗಿದರು. ಕೆಲವು ದಿನಗಳಲ್ಲಿ ಮೈದುನ ಕ್ಷೌರಕ್ಕೆ ಹೋಗಿ ಕುರ್ಚಿಯಲ್ಲಿ ಕೂತಾಗ ಕನ್ನಡಿಯಲ್ಲಿ ಆ ಗವಸು ಕಂಡಿತು. ಒಳಗಿಂದ ಗಿಳಿ ಕಿರುಚುತ್ತಿತ್ತು. ಅರ್ಧ ಗಡ್ಡದಲ್ಲೇ ಎದ್ದುಬಂದನೆಂದು ಬೀದಿಯೆಲ್ಲ ನಕ್ಕಿತು.

ಅಂದಿನಿಂದ ಅವನು ಅಣ್ಣನ ಮನೆ ಹೊಸಿಲು ತುಳಿಯಲಿಲ್ಲ. ಗವಸು ಬೇರೆಲ್ಲೋ ಹೊಲಿಸಿದ. ಬೀದಿಯಲ್ಲಿ ಎದುರಾದರೆ ಬೋರ್ಡು ಓದುವವನಂತೆ ಮುಖ ಮೇಲೆತ್ತುತ್ತಿದ್ದ. ಗಂಡ, ಬಸ್ಸಿನ ಕಂಡಕ್ಟರು, ಉಣ್ಣುವಾಗ ಒಂದೊಂದು ಸಲ ಅನ್ನುತ್ತಿದ್ದ: "ಅದೇನು ದೇವರ ಗುಟ್ಟಾ? ಒಂದು ಡಬ್ಬದ ಎತ್ತರ ಹೇಳಿದ್ರೆ ಗಂಟೇನು ಹೋಗ್ತಿತ್ತು?" ಅವಳು ಇನ್ನೊಂದು ಸೌಟು ಸಾರು ಬಡಿಸುತ್ತಿದ್ದಳು. ಮೈದುನನ ತಟ್ಟೆಯನ್ನು ಮಾತ್ರ ದಿನವೂ ತೊಳೆದು ಇಡುತ್ತಿದ್ದಳು.

ಕಾಲ ಯಾರನ್ನೂ ಕೇಳಿಕೊಂಡು ನಡೆಯಲಿಲ್ಲ. ಕೆಂಪು ಕಂಪನಿ ಹಸಿರನ್ನು ಹಣಿಯಿತು, ಎಲ್ಲಿಂದಲೋ ಬಂದ ಮೂರನೆಯದು ಎರಡನ್ನೂ ನುಂಗಿ ಬೀದಿಯ ಕೊನೆಯಲ್ಲಿ ದೊಡ್ಡ ಗಾಜಿನ ಮಳಿಗೆ ತೆರೆಯಿತು. ಬೋರ್ಡುಗಳು ಇಳಿದವು. ಕಂಪ್ಯೂಟರು ಹಸುಗೂಸಾಗಿ ಉಳಿಯಲಿಲ್ಲ. ಪಕ್ಕದಲ್ಲೇ ಊಟ ಮಾಡಿದರು, ಮೇಲೆ ಬಟ್ಟೆ ಒಣಹಾಕಿದರು. ಗವಸು ಕೇಳುವವರೇ ಇಲ್ಲ. ಗವಸಿನಕ್ಕ ಮತ್ತೆ ದಿಂಬಿಗೆ ಬಂದಳು, ಹೆಸರು ಮಾತ್ರ ಹೋಗಲಿಲ್ಲ.

ಒಂದು ಮಧ್ಯಾಹ್ನ ಸ್ಟೂಲು ಕಿರುಗುಟ್ಟಿತು. ತಲೆಯೆತ್ತಿದರೆ ಮೈದುನ. ಕಿವಿಯ ಬಳಿ ಕೂದಲು ನರೆತಿತ್ತು.

"ಅವತ್ತು ನಾನು ಆ ಗವಸು ನೋಡಿದ್ದು ನಿಮಗೆ ಕಂಡಿತ್ತು ಅಲ್ವಾ?"

"ಕಂಡಿತ್ತು."

"ಒಂದು ಮಾತು ಹೇಳ್ಬಹುದಿತ್ತು."

"ಹೇಳ್ಬಹುದಿತ್ತು ಕಣೋ. ಆಮೇಲೆ ಟೈಪು ಯಜಮಾನರಿಗೆ ಯಾವ ಮುಖ ತೋರಿಸ್ಲಿ?"

ಅವನು ಆ ಗವಸು ನೇತಾಡಿದ್ದ ಗೋಡೆಯ ಮೊಳೆಯತ್ತ ನೋಡಿದ. ಆಮೇಲೆ ದನಿ ತಗ್ಗಿಸಿದ. "ಈಗ ಎಲ್ಲರೂ ತೊಡೆ ಮೇಲೆ ಇಟ್ಕೊಂಡು, ಹೆಗಲಿಗೆ ಹಾಕ್ಕೊಂಡು ತಿರುಗ್ತಾರೆ ಅತ್ತಿಗೆ. ನಾನು ಅಂದ್ಕೊಂಡಿದ್ದು ತಪ್ಪಲ್ಲ, ಬೇಗ ಅಂದ್ಕೊಂಡೆ. ಒಂದು ಸಣ್ಣ ಕಂಪನೀದು ಹೊಸ ಮಾಲು ತರ್ತಿದೀವಿ. ನಾನೂ ಟೈಪು ಯಜಮಾನರೂ, ಸೇರಿ."

ಅವಳು ಸೂಜಿ ಕೆಳಗಿಟ್ಟು ನಕ್ಕಳು. "ಯಾರು ಯಾರು?"

"ನಗ್ಬೇಡಿ. ಅದಕ್ಕೆ ಚೀಲ ಬೇಕು. ಗಾಜಿನ ಮಳಿಗೆಯವರ ಕಿವಿಗೆ ಬೀಳಬಾರದು. ಯಾರ ಹತ್ರ ಹೊಲಿಸೋದು ಅಂತ ಮಾತು ಬಂತು. ಇಬ್ಬರ ಬಾಯಲ್ಲೂ ನಿಮ್ಮ ಹೆಸರೇ."

ಅವಳು ಟೇಪು ತೆಗೆದಳು. ಅವನು ಬಾಗಿ ಅಳತೆಯನ್ನು ಕಿವಿಯಲ್ಲಿ ಹೇಳಿದ, ಚಿಕ್ಕಂದಿನಲ್ಲಿ ಹಸಿವೆಂದು ಹೇಳುತ್ತಿದ್ದ ಹಾಗೆ.

"ಊಟ ಆಯ್ತೇನೋ?"

"ಇಲ್ಲ" ಎಂದ.

ಸಂಜೆ ಗಂಡ ಮನೆಗೆ ಬಂದಾಗ ಮೈದುನನ ತಟ್ಟೆಯಲ್ಲಿ ಉಂಡ ಅಗುಳು ಅಂಟಿತ್ತು. "ಅವನು ಬಂದಿದ್ನಾ? ಏನಂದ?" ಎಂದು ಕಾತರದಿಂದ ಕೇಳಿದ.

"ಅಳತೆ ಕೊಟ್ಟು ಹೋದ."

"ಯಾತರದು?"

ಗವಸಿನಕ್ಕ ಸೂಜಿಯ ಕಣ್ಣನ್ನು ಬೆಳಕಿಗೆ ಹಿಡಿದು ದಾರ ಪೋಣಿಸತೊಡಗಿದಳು.