ಉಳ್ಳಾಗಡ್ಡಿಗೆ ಬಿಡುವಷ್ಟು ಗಾಳಿ

ಸೊಲ್ಲಾಪುರದಲ್ಲಿ ನಮ್ಮದು ತಾಡಪತ್ರಿ ಹೊಲಿಯುವ ಅಂಗಡಿ. ಲಾರಿಯ ಸರಕಿಗೆ ಹೊದಿಕೆ ಮಾಡಿಕೊಡುವುದು ಅಪ್ಪನ ಕಾಲದಿಂದ ಬಂದ ಕೆಲಸ. ಅಣ್ಣನೂ ಅದೇ ಕೆಲಸದವನು. ಆದರೆ ಬಿಡುವಾದಾಗೆಲ್ಲ ಹಿತ್ತಲಿನಲ್ಲಿ ಕೂತು, ನಾಲ್ಕು ವರ್ಷ ಹಿಡಿದು, ಪ್ಲೈವುಡ್ಡಿನ ಒಂದು ಸಣ್ಣ ಹಾಯಿದೋಣಿ ಕಟ್ಟಿದ. ಕುರನೂರ ಡ್ಯಾಮು ತುಂಬಿದಾಗ ಟೆಂಪೊದಲ್ಲಿ ಹೇರಿಕೊಂಡು ಹೋಗಿ ನೀರಿಗೆ ಬಿಡುತ್ತಿದ್ದ.

ಕಳೆದ ವರ್ಷ ಅವನ ಶ್ವಾಸಕೋಶ ಕೆಟ್ಟಿತು. ಇನ್ನು ಹೆಚ್ಚು ದಿನವಿಲ್ಲ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಅಣ್ಣನಿಗೆ ಯಾರೂ ಹೇಳಬೇಕಾಗಿರಲಿಲ್ಲ. ದೋಣಿಯಲ್ಲಿ ಒಂದು ಮಧ್ಯಾಹ್ನ ಮಲಗಬೇಕು, ಬಿಸಿಲಿಗೆ ಮೇಲೊಂದು ಡೇರೆ ಬೇಕು ಎಂದಷ್ಟೇ ಕೇಳಿದ.

ಅಳತೆ ನಾನೇ ತೆಗೆದೆ. ಹಾಯಿಯ ಕೆಳಗಿನ ಅಡ್ಡಗೋಲೇ ಡೇರೆಗೆ ತೊಲೆ. ಅದರ ಮೇಲಿಂದ ಬಟ್ಟೆ ಎರಡೂ ಕಡೆ ಇಳಿಯಬೇಕು. ಅವನು ಎದ್ದು ಕೂತರೆ ತಲೆ ತಾಗದಷ್ಟು ಎತ್ತರ ಇಟ್ಟೆ. ಅಂಚಿಗೆ ಹಗ್ಗ ಕಟ್ಟಲು ಹದಿನಾರು ಹಿತ್ತಾಳೆ ರಿಂಗು ಹೊಡೆದೆ. ಹಿಂದೆ ಮುಂದೆ ಎರಡೂ ಬಾಯಿ ಮುಚ್ಚಿದೆ. ಒಂದು ಹನಿಯೂ ಒಳಗೆ ಹೋಗದಂತೆ ಹೊಲಿಯುವುದೇ ನನಗೆ ಗೊತ್ತಿದ್ದ ಒಳ್ಳೆಯ ಕೆಲಸ.

ಡೇರೆ ಹೊದಿಸಿದ ದೋಣಿಯನ್ನು ಡ್ಯಾಮಿಗೆ ಒಯ್ದಾಗ, ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದವನು ನೋಡಿ ನಕ್ಕ. "ಸಾವ್ಕಾರ್ರ, ದೋಣಿ ಹೋಗಿ ಲಾರಿ ಆತಲ್ರಿ. ಹೈದ್ರಾಬಾದಕ್ಕ ಕಳಸ್ತೀರೇನ್ರಿ?"

"ಲೋಡ್ ಮಾಡಿದಾಂವ ನನ್ನ ತಮ್ಮ," ಎಂದ ಅಣ್ಣ. "ಎಲ್ಲಿಗಿ ಕಳಸ್ತಾನೋ ಅವನ್ನ ಕೇಳು."

ಮೊಣಕಾಲುದ್ದದ ನೀರಿನಲ್ಲಿ ದೋಣಿ ನಿಲ್ಲಿಸಿದೆವು. ಅಣ್ಣ ಮಲಗಿದ. ನಾನು ರೂಢಿಯಂತೆ ಹಗ್ಗಗಳನ್ನು ದೋಣಿಯ ಅಡಿಯಿಂದ ಹಾಯಿಸಿ, ಎಳೆದು, ರಿಂಗಿಗೊಂದರಂತೆ ಹೊರಗಿನಿಂದ ಗಂಟು ಹಾಕಿದೆ. ಆಮೇಲೆ ದಂಡೆಗೆ ಬಂದು ಬುತ್ತಿ ಬಿಚ್ಚಿದೆ.

ಹತ್ತು ನಿಮಿಷ ಆಗಿರಬೇಕು. ಒಳಗಿನಿಂದ ಕೈ ಬಡಿದ ಸದ್ದು ಬಂತು. ಎರಡು ಸಲ. ಮೂರನೆಯದು ಮೆಲ್ಲಗಿತ್ತು.

ಹಗ್ಗ ನೆನೆದು ಗಂಟುಗಳು ಕಚ್ಚಿಕೊಂಡಿದ್ದವು. ಚಾಕು ತೆಗೆದೆ. ಬಟ್ಟೆಗೆ ಮೊನೆ ತಾಗಿದ್ದು ಅವನಿಗೆ ಕಂಡಿತೇನೋ. "ಕೊಯ್ಯಬ್ಯಾಡೋ," ಎಂದ. "ಹೊಸಾದೈತಿ."

ಕೊಯ್ದೆ. ಹಬೆ ಮುಖಕ್ಕೆ ಬಡಿಯಿತು. ಬಟ್ಟೆಯ ಒಳಮೈಯೆಲ್ಲ ಹನಿ. ಅವನ ತುಟಿ ನೀಲಿಯಾಗಿತ್ತು. ಎಷ್ಟೋ ಹೊತ್ತಿನ ಮೇಲೆ ಮಾತು ಬಂತು.

"ಉಳ್ಳಾಗಡ್ಡಿ ಲೋಡಿಗಾದ್ರೂ ಬಾಜೂಕ ಗಾಳಿ ಬಿಡ್ತಿ, ತಮ್ಮಾ. ನಾ ಅದಕ್ಕಿಂತ ಕಡೀನೇನೋ?"

ನಗಲು ಹೋಗಿ ಕೆಮ್ಮಿದ. ಮನೆಗೆ ಹೋಗೋಣ ಎಂದೆ. ಒಪ್ಪಲಿಲ್ಲ. ಆ ಮೊಳದುದ್ದದ ಸೀಳಿನ ಕಡೆ ಮುಖ ಮಾಡಿ, ಹೊತ್ತು ಇಳಿಯುವವರೆಗೂ ನೀರು ನೋಡುತ್ತ ಮಲಗಿದ್ದ. ಏಳುವಾಗ ಸೀಳಿಗೆ ಬೆರಳಿಟ್ಟು, "ಮುಂದಿನ ಸಲ ಇಲ್ಲಿ ಸೊಳ್ಳಿ ಜಾಳಿಗಿ ಹಚ್ಚು," ಎಂದ.

ಅದಾದ ಹನ್ನೊಂದನೆಯ ದಿನ ತೀರಿಕೊಂಡ. ಅವತ್ತಿನದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದರು ಡಾಕ್ಟರು. ನಾನು ಎರಡು ಸಲ ಕೇಳಿದೆ. ಎರಡು ಸಲವೂ ಅದನ್ನೇ ಹೇಳಿದರು.

ದಿನಕರ್ಮಗಳು ಮುಗಿದ ಮೇಲೆ ಸೀಳನ್ನು ಕಿಟಕಿಯಷ್ಟು ಅಗಲ ಮಾಡಿ, ಅಂಚು ಮಡಿಸಿ, ಜಾಳಿಗೆ ಹಚ್ಚಿದೆ. ಹಗ್ಗಗಳೆಲ್ಲ ಒಳಗಿನಿಂದ ಬಿಚ್ಚುವಂತೆ ತಿರುಗಿಸಿದೆ. ಹಿತ್ತಲಿನ ದೋಣಿಗೆ ಡೇರೆ ಬಿಗಿದು, ಹಗ್ಗಕ್ಕೆ ಕೊಡಗಟ್ಟಲೆ ನೀರು ಸುರಿದು, ಒಳಗೆ ಹೋಗಿ ಅವನಂತೆಯೇ ಮಲಗಿದೆ. ಗಂಟುಗಳನ್ನು ಒಂದೊಂದಾಗಿ ಎಳೆದು ನೋಡಿದೆ.

ಹದಿನಾರೂ ಬಿಚ್ಚಿದವು.